ವಾಕ್ಯ ತಿದ್ದುತ್ತಿದ್ದ ವೈನಿ

ಅವರ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಗಿತ್ತು. ಗಂಡನ ಸರ್ಜರಿಯಲ್ಲಿ, ಅಂದರೆ ಇಂಗ್ಲೆಂಡಿನವರು ಹಾಗೆ ಕರೆಯುವ ಡಾಕ್ಟರ ದವಾಖಾನೆಯಲ್ಲಿ, ರೋಗಿಗಳ ಫೈಲು ತೆಗೆಯುವಾಗ ಕಬ್ಬಿಣದ ಡ್ರಾಯರಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಆಮೇಲೆ ಹುಟ್ಟಿದ ಉಗುರೂ ಹಾಗೇ ಬಂತು. ಓದುವಾಗ ಆ ಉಗುರನ್ನು ಒಂದೊಂದೇ ಪದದ ಕೆಳಗಿಟ್ಟು ಸರಿಸುತ್ತಿದ್ದರು.

ಅವರು ಪರಿಚಯವಾದದ್ದು ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನ ಲೈಬ್ರರಿಯಲ್ಲಿ. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿ ಕಿರಿಯ ವೈದ್ಯ. ಅವನ ಡ್ಯೂಟಿ ಪಾಳಿ ಹೇಗಿತ್ತೆಂದರೆ, ಅವನು ಮನೆಗೆ ಬಂದರೂ ನಿದ್ದೆ ಮಾಡಲಿಕ್ಕೇ ಬರುತ್ತಿದ್ದ. ಇಡೀ ದಿನ ನನ್ನ ದನಿ ನನಗೇ ಕೇಳಿಸದ ದಿನಗಳಿದ್ದವು. ಎಂಬಿಎ ಮಾಡಬೇಕೆಂದು ಪ್ರವೇಶ ಪರೀಕ್ಷೆಯ ಪುಸ್ತಕ ತಂದುಕೊಂಡೆ. ಲೆಕ್ಕ ಹೇಗೋ ಆಗುತ್ತಿತ್ತು. ವಾಕ್ಯ ತಿದ್ದುವ ಪ್ರಶ್ನೆಗಳು ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಒಂದು ಇಂಗ್ಲಿಷ್ ವಾಕ್ಯ, ಅದರಲ್ಲಿ ಗೆರೆ ಎಳೆದ ಒಂದು ಭಾಗ, ಕೆಳಗೆ ಐದು ಉತ್ತರ. ಒಂದು ಮಧ್ಯಾಹ್ನ ಉತ್ತರಗಳು ಸಾಲಾಗಿ ತಪ್ಪಾಗಿ, "ಅಯ್ಯೋ, ಇದೂ ತಪ್ಪಾ!" ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದುಬಿಟ್ಟೆ.

ಪಕ್ಕದ ಮೇಜಿನಿಂದ ಸೀರೆಯ ಮೇಲೆ ಉದ್ದ ಕೋಟು ಹಾಕಿದ್ದ ಹೆಂಗಸೊಬ್ಬರು ತಿರುಗಿದರು. "ಏನ ತಪ್ಪಾತು? ತೋರಸ್ರಿ ಇಲ್ಲೆ."

ಧಾರವಾಡದ ಕಡೆಯವರು. ವಯಸ್ಸು ಐವತ್ತು ದಾಟಿತ್ತು. ಊರಿನ ಕನ್ನಡದವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡನ ಸರ್ಜರಿ ಶುರುವಾದಾಗಿನಿಂದ ರಿಸೆಪ್ಷನ್ ಮೇಜಿನಲ್ಲಿ ಕೂತು ಎಲ್ಲವನ್ನೂ ನಡೆಸಿದವರು ಅವರೇ. ಕಂಪ್ಯೂಟರ್ ಬಂದ ಮೇಲೆ ಡಾಕ್ಟರು ಸಂಬಳದ ಮ್ಯಾನೇಜರ್ ಒಬ್ಬರನ್ನು ಇಟ್ಟುಕೊಂಡು, "ಇನ್ನ ಆರಾಮ ಇರು" ಎಂದರಂತೆ. ಲಂಡನ್ನಿನಲ್ಲಿದ್ದ ಮಗ ಫೋನು ಮಾಡಿದರೆ ಇವರು ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ಉತ್ತರ. ಆರಾಮ ಇರಲು ಅವರು ಲೈಬ್ರರಿಗೆ ಬರುತ್ತಿದ್ದರು.

ಮರುದಿನದಿಂದ ಇಬ್ಬರೂ ಒಂದೇ ಮೇಜು. ಮೊದಮೊದಲು ನನಗೆ ಜೊತೆ ಕೊಡಲು ಕೂತವರು ಬರಬರುತ್ತ ತಾವೇ ಪರೀಕ್ಷೆ ಬರೆಯುವವರಂತೆ ಓದತೊಡಗಿದರು. "ರಸ್ತೆಯಲ್ಲಿ ನಡೆಯುತ್ತಾ, ಮನೆ ಸುಂದರವಾಗಿ ಕಂಡಿತು" ಎನ್ನುವಂಥ ವಾಕ್ಯ ಬಂದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುವರು. "ಮನಿ ಯಾವಾಗ ನಡೀಲಿಕ್ಕೆ ಹತ್ತಿತವಾ?" ಉತ್ತರಗಳಲ್ಲಿ ಮೊದಲನೆಯದು ಯಾವಾಗಲೂ ಮೂಲ ವಾಕ್ಯವೇ, ಒಂದಕ್ಷರವೂ ಬದಲಾಗದೆ. ಅದು ಅವರಿಗೆ ಬಲು ಸೋಜಿಗ. "ಇದ್ದಂಗ ಬಿಡೂದೂ ಒಂದು ಉತ್ತರ ನೋಡವಾ. ನನಗ ಅದ ರೂಢಿ ಆಗೇತಿ. ಅದಕ್ಕ ಮೊದಲ ಅದರ ಮ್ಯಾಲೆ ಸಂಶಯ ಪಡ್ತೀನಿ."

ಆ ವರ್ಷದ ದೀಪಾವಳಿಗೆ ಅವರ ಮನೆಯಲ್ಲಿ ಊಟ. ಡಾಕ್ಟರು ಒಳ್ಳೆಯವರು, ಗಟ್ಟಿ ದನಿಯ ಮನುಷ್ಯ. ಹೊಸದಾಗಿ ಬಂದ ವೈದ್ಯರಿಗೆ ತಮ್ಮ ಕಥೆ ಹೇಳುತ್ತಿದ್ದರು. "ಬಂದಾಗ ಒಂದು ಖೋಲಿ ಇತ್ತು. ಈ ಸರ್ಜರಿ ನಾ ಒಬ್ಬನ ನಿಂತು ಕಟ್ಟೇನಿ."

ರೊಟ್ಟಿ ಬಡಿಸುತ್ತಿದ್ದ ವೈನಿ ನಿಂತರು. "ವಾಕ್ಯ ತಪ್ಪೇತ್ರಿ," ಎಂದರು ಮೆಲ್ಲಗೆ. "ಕರ್ತೃ ಬಹುವಚನ ಆಗಬೇಕು."

ಎಲ್ಲರೂ ನಕ್ಕರು, ಡಾಕ್ಟರು ಎಲ್ಲರಿಗಿಂತ ಜೋರಾಗಿ. "ಮಾಸ್ತರ ಆಗ್ಯಾಳ ನೋಡ್ರಿ ಇಕಿ!" ಅಡುಗೆಮನೆಗೆ ವೈನಿಯ ಹಿಂದೆ ಹೋದೆ. ಒಲೆಯ ಕಡೆ ಮುಖ ಮಾಡಿ, "ನಕ್ಕಬಿಟ್ರು," ಎಂದರು.

ಅದಾದ ವಾರದಲ್ಲೇ ನನ್ನ ಜೊತೆ ತಮ್ಮ ಹೆಸರನ್ನೂ ಪರೀಕ್ಷೆಗೆ ಕೊಟ್ಟರು. ಅಷ್ಟರಲ್ಲಿ ನನ್ನ ಗಂಡನಿಗೆ ಶೆಫೀಲ್ಡಿನಲ್ಲಿ ಕೆಲಸವಾಗಿ, ಮನೆ ಬದಲಿಸುವ ಗಡಿಬಿಡಿಯಲ್ಲಿ ನಾನು ಪರೀಕ್ಷೆಯೇ ಬೇಡವೆಂದು ಕೂತೆ. ವೈನಿ ಸಿಟ್ಟಾದರು. "ಅವನ ನೌಕರಿ ಬದಲಾದ್ರ ನಿನ್ನ ತಲಿ ಬದಲಾಗ್ತದೇನು? ಬರದು ಹೋಗು."

ಬರೆದೆ. ಮ್ಯಾಂಚೆಸ್ಟರಿನ ಆ ಕಟ್ಟಡದಿಂದ ನಾನು ಹೊರಬಂದಾಗ ಅವರು ಆಗಲೇ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದರು.

"ನಿಮಗೆ ಎಷ್ಟು ಬಂತು ವೈನಿ?"

"ನೋಡಲಿಲ್ಲ."

ಅಂಕ ತೋರಿಸುವ ಮೊದಲೇ ಕಂಪ್ಯೂಟರು ಕೇಳುತ್ತಿತ್ತು: ಇಟ್ಟುಕೊಳ್ಳುತ್ತೀರೋ, ರದ್ದು ಮಾಡುತ್ತೀರೋ? ಅವರು ರದ್ದು ಒತ್ತಿದ್ದರು.

ರೈಲು ಹೊರಟ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾಕೆ ಹಾಗೆ ಮಾಡಿದ್ರಿ? ಇಷ್ಟು ದಿನ ಓದಿ!"

"ಕೆಟ್ಟ ಬಂದಿದ್ರ ನಗ್ತಿದ್ರು," ಎಂದರು ಕಿಟಕಿಯ ಹೊರಗೆ ನೋಡುತ್ತ. ಸ್ವಲ್ಪ ಹೊತ್ತಾದ ಮೇಲೆ, "ಚಲೋ ಬಂದಿದ್ರೂ ನಗ್ತಿದ್ರು."

ನಾವು ಶೆಫೀಲ್ಡಿಗೆ ಹೋದೆವು. ಬ್ರೂಮ್‌ಹಿಲ್ಲಿನ ಬಾಡಿಗೆ ಮನೆಯಿಂದಲೇ ಓದಿ ಎಂಬಿಎ ಮುಗಿಸಿದೆ, ಕೆಲಸಕ್ಕೂ ಸೇರಿದೆ. ನಾನು ಇವತ್ತು ಏನಾಗಿದ್ದೇನೋ ಅದಕ್ಕೆ ಆ ದಿನದ ಅವರ ಸಿಟ್ಟೇ ಕಾರಣ. ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ಭಾನುವಾರ ಹವಾಮಾನದ ಮಾತಿನ ನಡುವೆ ಹೇಳಿದರು: "ಮತ್ತೊಮ್ಮೆ ಬರದೆ. ಈ ಸಲ ಇಟಗೊಂಡೆ."

ಅಂಕ ಕೇಳಿ ನಾನು ಎದ್ದು ನಿಂತೆ. ನನ್ನದಕ್ಕಿಂತ ಎಷ್ಟೋ ಹೆಚ್ಚು.

"ಡಾಕ್ಟರಿಗೆ ಹೇಳಿದ್ರಾ?"

"ಕೇಳಿದ್ರ ಹೇಳ್ತೀನಿ."

ಅರ್ಜಿ ಹಾಕಿ ಎಂದು ನಾನು ಪ್ರತಿ ಸಲ ಅನ್ನುತ್ತಿದ್ದೆ, "ನೋಡೂಣಂತ" ಎಂದು ಅವರು ಪ್ರತಿ ಸಲ ಅನ್ನುತ್ತಿದ್ದರು. ನೋಡುತ್ತಿರುವಾಗಲೇ ಹೊಟ್ಟೆನೋವು ಶುರುವಾಯಿತು. ಅದು ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಮುಂದಿನ ಚಳಿಗಾಲ ಅವರು ಕಾಣಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರಾಗಿ ಹೊರಟರು. ನಾನು ಅಡುಗೆಮನೆಯಲ್ಲಿ ಚಹದ ಕಪ್ಪು ತೊಳೆಯುತ್ತಿದ್ದೆ. ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಫೋನಿನ್ಯಾಗ ಅಷ್ಟೊತ್ತು ನಿಮ್ಮ ಜೋಡಿ ಏನ ಮಾತಾಡ್ತಿದ್ಲವಾ ಅಕಿ?"

ಕೈ ಒರೆಸಿಕೊಂಡು ಎಲ್ಲ ಹೇಳಿದೆ. ಲೈಬ್ರರಿ, ಪರೀಕ್ಷೆ, ರದ್ದು ಮಾಡಿದ್ದು, ಮತ್ತೆ ಬರೆದದ್ದು, ಬಂದ ಅಂಕ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಅಷ್ಟು ಅಂಕಕ್ಕ ಸೀಟು ಎಲ್ಲೆ ಸಿಗ್ತಿತ್ತು?"

"ಮ್ಯಾಂಚೆಸ್ಟರಿನಲ್ಲೇ ಸಿಗ್ತಿತ್ತು ಡಾಕ್ಟ್ರೇ."

ಮೇಜಿನ ಮೇಲೆ ಉಳಿದಿದ್ದ ಕಪ್ಪೊಂದನ್ನು ನನ್ನ ಕಡೆ ಸರಿಸಿದರು.

"ಇಲ್ಲಿಂದ ರೈಲಿನ್ಯಾಗ ಹತ್ತು ಮಿನಿಟಿನ ದಾರಿ," ಎಂದರು.