ಶಹಾ ಬೀಳದ ಅರಸ

ಮೊನ್ನೆ ಮಂಗಳವಾರ ಮಸ್ಕಿಯಲ್ಲಿ ಒಬ್ಬ ಅರಸ ಕಾಣೆಯಾದ. ಹಾಡಹಗಲೇ, ಸ್ವಂತ ಮನೆಯ ಪಡಸಾಲೆಯಿಂದ. ಆತನನ್ನು ಓಡಿಸಿಕೊಂಡು ಹೋದ ಆರೋಪ ನನ್ನ ಮೇಲಿದೆ. ಆರೋಪ ಅರ್ಧ ನಿಜ. (ಬಸ್ಸಿನ ಟಿಕೆಟ್ ತೆಗೆಸಿದವನು ಅವನೇ.)

ಚೆಸ್ ಪುಸ್ತಕಗಳಲ್ಲಿ ಪ್ರತಿ ಕಾಯಿಗೂ ಒಂದು ತೂಕ ಇದೆ. ಪ್ಯಾದೆಗೆ ಒಂದು. ಕುದುರೆಗೆ, ಒಂಟೆಗೆ ಮೂರು ಮೂರು. ಆನೆಗೆ ಐದು. ಮಂತ್ರಿಗೆ ಒಂಬತ್ತು. ಅರಸನ ಮುಂದೆ ಮಾತ್ರ ಖಾಲಿ ಬಿಟ್ಟಿರುತ್ತಾರೆ. ಅವನು ಹೋದರೆ ಆಟವೇ ಹೋಯಿತು, ಬೆಲೆ ಕಟ್ಟುವುದು ಹೇಗೆ ಎನ್ನುತ್ತಾರೆ. ಇರಲಿ. ಆದರೆ ಬರೀ ದುಡಿಮೆಯ ಲೆಕ್ಕ ಹಿಡಿದರೆ? ಒಂದು ಸಲಕ್ಕೆ ಒಂದೇ ಮನೆ ಸರಿಯುವ, ಅದನ್ನೂ ಹೆದರಿ ಹೆದರಿ ಸರಿಯುವ ಈ ಗೃಹಸ್ಥನಿಗೆ ಎಷ್ಟು ಕೊಡೋಣ?

ನಾನು ಎರಡು ಕೊಡುವವನು. ಗೆಳೆಯ ಶರಣಪ್ಪ ನಾಲ್ಕು ಕೊಡುವವನು. "ಮಂತ್ರಿಗಳು ಹೋದ ಮ್ಯಾಲ ನೋಡಲೇ, ಕುದುರಿಗಿಂತ ಅರಸ ಭಾರಿ" ಎಂಬುದು ಅವನ ವಾದ. ಈ ಗಹನ ವಿಷಯದಲ್ಲಿ ನಮ್ಮ ನಡುವೆ ಎಷ್ಟೋ ವರ್ಷಗಳಿಂದ ಒಪ್ಪಂದವಾಗಿಲ್ಲ.

ಶರಣಪ್ಪ ನಮ್ಮೂರ ಬಟ್ಟೆ ಅಂಗಡಿಯ ಹಿರಿಯ. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ದಿನದಿಂದ ಮನೆಯವರು ಆತನನ್ನು ಪಡಸಾಲೆಯ ಮೂಲೆಗೆ ಸೇರಿಸಿ ಭದ್ರ ಮಾಡಿದ್ದಾರೆ. ಒಂದು ಪಕ್ಕ ಫ್ಯಾನು, ಇನ್ನೊಂದು ಪಕ್ಕ ಗುಳಿಗೆ ಡಬ್ಬಿ. ಎದ್ದರೆ ಸೊಸೆ "ಕೂಡ್ರಿ ಮಾವಾರ" ಎನ್ನುತ್ತಾಳೆ. ಬಾಗಿಲಿಗೆ ಬಂದರೆ ಮಗ ಮಹಾಂತೇಶ "ಎಲ್ಲಿಗಪ್ಪಾ?" ಎನ್ನುತ್ತಾನೆ. (ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಡಾಕ್ಟರಿಗೆ ಏನು ಗೊತ್ತು?)

ಹಾಗಂತ ಗೌರವಕ್ಕೆ ಕೊರತೆಯಿಲ್ಲ. ಮೊಮ್ಮಗಳು ಪಲ್ಲವಿಗೆ ಲಿಂಗಸುಗೂರಿನ ಸಂಬಂಧ ಬಂತು. ಹುಡುಗನದು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ. ಮನೆ ನೋಡಲು ಮಗ, ಸೊಸೆ, ನೆಂಟರು, ನೆರೆಯವರು ಎಲ್ಲರೂ ಗಾಡಿ ತುಂಬ ಹೋದರು. ಶರಣಪ್ಪನಿಗೆ ಜಾಗ ಸಿಗಲಿಲ್ಲ. ಆದರೆ ಗುರುವಾರದ ನಿಶ್ಚಯದಲ್ಲಿ ಎಲೆಯಡಿಕೆ ತಟ್ಟೆಗೆ ಮೊದಲು ಕೈ ಹಚ್ಚಬೇಕಾದವನು ಅವನೇ. ಹಿರಿಯ ಕೈ ಹಚ್ಚದೆ ಆ ಮನೆಯಲ್ಲಿ ಯಾವ ಮಾತೂ ಪಕ್ಕಾ ಆಗುವುದಿಲ್ಲ.

ನೋಡಿದಿರಾ? ಅವನಿಲ್ಲದೆ ಆಟವಿಲ್ಲ. ಅವನಿಗೆ ನಡೆಯೂ ಇಲ್ಲ.

ಮಂಗಳವಾರ ಮಧ್ಯಾಹ್ನ ನಾವು ಆಡುತ್ತ ಕೂತಿದ್ದಾಗ ಪಲ್ಲವಿ ಚಹಾ ತಂದಳು. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಅವಳು. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಅವತ್ತು ರಜೆ.

"ಅಜ್ಜಾ, ಲಗ್ನಾದ ಮ್ಯಾಲ ನನಗ ನೌಕರಿಗೆ ಕಳಸ್ತಾರೋ ಇಲ್ಲೋ, ಯಾರೂ ಕೇಳೇ ಇಲ್ಲ. ಅಪ್ಪಗ ಅಂದ್ರ, ಆಮ್ಯಾಲ ನೋಡೂಣು ಅಂತಾನ."

"ಆಮ್ಯಾಲ ಅಂದ್ರ ಯಾವಾಗವಾ?"

"ತಾಳಿ ಕಟ್ಟಿದ ಮ್ಯಾಲ."

ಅಷ್ಟು ಹೇಳಿ ಕಪ್ಪು ಇಟ್ಟು ಒಳಗೆ ಹೋದಳು. ಶರಣಪ್ಪ ಚಹಾ ಮುಟ್ಟಲಿಲ್ಲ.

ಚೆಸ್ ಹಾಸಿನ ಮೇಲೆ ಇಬ್ಬರ ಮಂತ್ರಿಗಳೂ ತೀರಿಕೊಂಡಿದ್ದರು. ನನ್ನ ಆನೆ ಅವನ ಪ್ಯಾದೆಗಳ ಹಿಂದೆ ಬಿದ್ದಿತ್ತು. ಆಗ ಶರಣಪ್ಪ ಅರಸನನ್ನು ಎತ್ತಿ, ಎದುರಿಗಿದ್ದ ಪ್ಯಾದೆಯ ಮೇಲಿಂದ ಹಾರಿಸಿ, ನಡುವಿನ ಕಡೆಗೆ ತಂದಿಟ್ಟ.

"ಏನೋ ಇದು?"

"ಕುದುರಿ ನಡಿಗಿ. ಶಹಾ ಬೀಳದ ಅರಸಗ ಒಂದು ಸಲ ಐತಿ."

ನಮ್ಮ ಕಡೆಯ ಹಳೆಯ ಆಟದ ಕಾನೂನು ಅದು. ಒಮ್ಮೆಯೂ ಶಹಾ, ಅಂದರೆ ಚೆಕ್, ಬೀಳದ ಅರಸ ಆಟಕ್ಕೊಂದು ಸಲ ಕುದುರೆಯಂತೆ ನೆಗೆಯಬಹುದು. ಅದಕ್ಕೇ ಬಲ್ಲವರು ಬೇಗನೆ ಒಂದು ಶಹಾ ಕೊಟ್ಟು ಆ ಹಕ್ಕನ್ನು ಕೆಡಿಸಿಬಿಡುತ್ತಾರೆ. ನಾನು ಮರೆತಿದ್ದೆ. ಮರೆತವರು ಕಾನೂನನ್ನೇ ಪ್ರಶ್ನಿಸಬೇಕಲ್ಲವೇ?

"ಅದು ನಮ್ಮಪ್ಪಗೋಳ ಕಾಲದ್ದು. ಈಗ ಇಂಟರ್‌ನ್ಯಾಷನಲ್ ರೂಲು."

"ಇದು ಮಸ್ಕಿ" ಎಂದ.

ತನ್ನ ಅರಸನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಏಳಲೇ. ಲಿಂಗಸುಗೂರಿಗೆ ಹೋಗೂಣು. ಸೊಸಿ ಹಿತ್ತಲದಾಗ ಅದಾಳ."

"ನಿನಗ ಶಹಾ ಬಿದ್ದೈತಲ್ಲೋ, ಸ್ಟೆಂಟು?"

"ಅದು ಎದಿಗೆ ಬಿದ್ದದ್ದು. ಹಿರೇತನಕ್ಕ ಇನ್ನೂ ಬಿದ್ದಿಲ್ಲ. ಚಪ್ಲಿ ಎಲ್ಲಿ ಇಟ್ಟಾರ ನೋಡು."

ಬಾಗಿಲ ಹಿಂದೆ ಇಟ್ಟಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯಾರೋ ಹೊಸದಾಗಿ ತೋರಿಸುತ್ತಿದ್ದಾರೆ ಎಂಬಂತೆ ದಾರಿಯುದ್ದಕ್ಕೂ ಹೊರಗೆ ನೋಡಿದ.

ಹುಡುಗನ ಮನೆಯವರು ನಮ್ಮನ್ನು ಕಂಡು ಗಾಬರಿಯಾದರು. ಹೇಳದೆ ಕೇಳದೆ ಬಂದ ಬೀಗರು ಒಳ್ಳೆಯ ಸುದ್ದಿ ತಂದಿರುವುದು ಅಪರೂಪ. ಅಲ್ಲೂ ಪಡಸಾಲೆಯ ಮೂಲೆಯಲ್ಲಿ ಒಬ್ಬ ಹಿರಿಯರಿದ್ದರು, ಹುಡುಗನ ಅಜ್ಜ. ಒಂದು ಪಕ್ಕ ಫ್ಯಾನು, ಇನ್ನೊಂದು ಪಕ್ಕ ಗುಳಿಗೆ ಡಬ್ಬಿ. ಇಬ್ಬರು ಅರಸರು ಅಕ್ಕಪಕ್ಕದ ಮನೆಗಳಲ್ಲಿ ನಿಲ್ಲುವಂತಿಲ್ಲ. ಆಟದ ನಿಯಮಕ್ಕೆ ತಲೆಬಾಗಿ ನಾನು ಇಬ್ಬರ ನಡುವೆ ಕೂತೆ.

ಶರಣಪ್ಪ ಚಹಾಕ್ಕೂ ಕಾಯಲಿಲ್ಲ. "ನಮ್ಮ ಹುಡುಗಿ ಲಗ್ನಾದ ಮ್ಯಾಲೂ ನೌಕರಿಗೆ ಹೋಗ್ತಾಳ. ನೀವೇನಂತೀರಿ?"

ಹುಡುಗನ ತಂದೆ ನಕ್ಕರು. "ಮೊದ್ಲ ಮನಿ ತುಂಬಲ್ರೀ. ಆಮ್ಯಾಲ ನೋಡೂಣು."

"ಆಮ್ಯಾಲ ನಾ ಇರ್ತೀನೋ ಇಲ್ಲೋ. ಈಗ ನೋಡೂಣ್ರಿ."

ಅಷ್ಟರಲ್ಲಿ ಅಂಗಡಿಯಿಂದ ಹುಡುಗ ಬಂದ, ಕೈಯೆಲ್ಲ ಗ್ರೀಸು. ವಿಷಯ ಕೇಳಿದ. "ಹುಡುಗಿ ನೋಡಾಕ ಬಂದಾಗ ನಾನ ಆಕಿಗೆ ಕೇಳಬೇಕಂದಿದ್ದೆ ರೀ ಅಜ್ಜಾರ. ಮಂದಿ ಭಾಳ ಇದ್ರು."

"ಈಗ ಮಂದಿ ಇಲ್ಲಲ್ಲಪಾ."

"ಹೋಗ್ಲಿ ರೀ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾನ ಬಿಟ್ಟು ಬರ್ತೀನಿ."

ತಂದೆ ಏನೋ ಹೇಳಲು ಬಾಯಿ ತೆರೆದರು. ಆಗ ಮೂಲೆಯಿಂದ ಧ್ವನಿ ಬಂತು. "ಹೂಂ ಅನ್ನಲೇ. ಅವರ ಹಿರ್‍ಯಾ ಬಸ್ ಹತ್ತಿ ಬಂದಾನ." ಎರಡನೆಯ ಅರಸನೂ ಒಂದು ಮನೆ ಸರಿದಿದ್ದ. ತಂದೆ ಹೂಂ ಅಂದರು.

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಮಹಾಂತೇಶ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಕಾಕಾರ, ನಿಮಗಾದ್ರೂ ತಿಳೀಬಾರದೇನ್ರಿ? ಏನರ ಆಗಿದ್ರ?"

"ಏನಾತು ಅಂತ ಕೇಳು ಮೊದ್ಲ" ಎಂದು ಶರಣಪ್ಪ ಎಲ್ಲ ಹೇಳಿದ.

"ನಾನೂ ಕೇಳಬೇಕಂತಿದ್ದೆ ಅಪ್ಪಾ."

"ಯಾವಾಗ?"

ಮಹಾಂತೇಶ ಬೈಕಿಗೆ ಕಿಕ್ ಹೊಡೆದ.

ಗುರುವಾರ ಶರಣಪ್ಪ ತಟ್ಟೆಗೆ ಕೈ ಹಚ್ಚಿದ. ಅದಕ್ಕೂ ಮುಂಚೆ, ಬುಧವಾರ, ನಿಂತಿದ್ದ ಆಟ ಮುಂದುವರಿಯಿತು. ನಡುವಿಗೆ ಬಂದ ಅವನ ಅರಸ ನನ್ನ ಪ್ಯಾದೆಗಳನ್ನು ಒಂದೊಂದಾಗಿ ತಿಂದು ಮುಗಿಸಿದ. ನಾನು ಸೋತೆ. ನನ್ನ ಎರಡನ್ನು ಈಗ ಮೂರಕ್ಕೆ ಏರಿಸಿದ್ದೇನೆ. ನಾಲ್ಕು ಕೊಡಲು ಸ್ವಾಭಿಮಾನ ಬಿಡುತ್ತಿಲ್ಲ.

ಲಗ್ನಪತ್ರಿಕೆಯ ತಲೆಯ ಮೇಲೆ ಹಿರಿಯರ ಹೆಸರು ದೊಡ್ಡಕ್ಷರದಲ್ಲಿ ಹಾಕಿಸುವ ನಾವು, ಅವರಿಗೆ ತೋರಿಸುವುದು ಪತ್ರಿಕೆ ಅಚ್ಚಾಗಿ ಬಂದ ಮೇಲೆ. ಕಾಪಾಡುವುದು ಎಂದರೆ ಕೂರಿಸಿಡುವುದು ಎಂದು ನಮಗೆ ಯಾರು ಕಲಿಸಿದರೋ.

ಶುಕ್ರವಾರ ಹೋದಾಗ ಬಾಗಿಲ ಹಿಂದೆ ಚಪ್ಪಲಿ ಇರಲಿಲ್ಲ. ಅಟ್ಟ ಸೇರಿತ್ತು. "ಮುಗೀತು ನಿಂದು. ನೆಗೆಯೂದು ಒಂದ ಸಲ ಅಲ್ಲೇನು?" ಎಂದೆ.

ಶರಣಪ್ಪ ತಲೆ ಎತ್ತದೆ ಕಾಯಿ ಜೋಡಿಸುತ್ತಿದ್ದ. "ಆ ಆಟ ಮುಗೀತು. ಇದು ಬ್ಯಾರೆ ಆಟ. ಹೂಡು."

ಅಂದ ಹಾಗೆ, ನಿಮ್ಮ ಮನೆಯ ಅರಸನ ಚಪ್ಪಲಿ ಎಲ್ಲಿದೆ?