ನಮ್ಮ ಬಾಗಿಲು ದಾಟಿದ ಹಿಟ್ಟಿನ ಬುಟ್ಟಿ

ಆಗೆಲ್ಲ ನಮ್ಮ ಓಣಿಯಲ್ಲಿ ಮದುವೆ ಬಂತೆಂದು ಹುಡುಗರಿಗೆ ಮೊದಲು ತಿಳಿಸುತ್ತಿದ್ದುದು ಹಿಟ್ಟಿನ ಗಿರಣಿ. ಮದುವೆ ಮನೆಯವರು ಚೀಲಗಟ್ಟಲೆ ಜೋಳ ಬೀಸಿಸಿ, ಬಿಸಿ ಆರುವ ಮೊದಲೇ ಹಿಟ್ಟನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹಂಚುತ್ತಿದ್ದರು. ಪ್ರತಿ ಮನೆಯವರೂ ತಮ್ಮ ಪಾಲಿನ ಹಿಟ್ಟಿನಿಂದ ರೊಟ್ಟಿ ಬಡಿದು, ಖಡಕ್ ಆಗುವಂತೆ ಒಣಗಿಸಿ, ಅರಿವೆಯಲ್ಲಿ ಕಟ್ಟಿ ಮದುವೆ ಮನೆಗೆ ಮುಟ್ಟಿಸಬೇಕು. ಹತ್ತಿಮತ್ತೂರಿನ ನಮ್ಮ ಓಣಿ ಆ ದಿನಗಳಲ್ಲಿ ಪಟಪಟ ಸದ್ದಿನಿಂದ, ಸುಟ್ಟ ಜೋಳದ ವಾಸನೆಯಿಂದ ತುಂಬಿರುತ್ತಿತ್ತು. ಮುರಿದ ರೊಟ್ಟಿ, ಕೆಂಪು ಚಟ್ನಿ ನಮ್ಮಂಥ ಹುಡುಗರಿಗೆ ಧಾರಾಳ.

ದೊಡ್ಡಪ್ಪನ ಮಗಳು ಶಾಂತಕ್ಕನ ಮದುವೆ ಗೊತ್ತಾದಾಗ ನನಗೆ ಹತ್ತು ವರ್ಷ. ಗಂಡಿನವರು ರಟ್ಟೀಹಳ್ಳಿ ಕಡೆಯವರು. ನನಗೆ ಗಜಗ ಆಡಲು ಕಲಿಸಿದವಳು, ಜಡೆ ಹೆಣೆಯುತ್ತಿದ್ದವಳು ಶಾಂತಕ್ಕನೇ. ಅಪ್ಪ ತೀರಿಕೊಂಡ ಮೇಲೆ ನಮ್ಮ ಹೊಲ ಉಳುತ್ತಿದ್ದುದೂ, ಊರಿನಲ್ಲಿ ನಮ್ಮ ಪರವಾಗಿ ಮಾತಾಡುತ್ತಿದ್ದುದೂ ದೊಡ್ಡಪ್ಪನೇ. ಆ ಮನೆ ಬಿಟ್ಟರೆ ನಮಗೆ ಬೇರೆ ಆಸರೆ ಇರಲಿಲ್ಲ.

ಆ ವರ್ಷ ಅವ್ವ ಭಾನುವಾರ ಬಸ್ಸು ಹತ್ತಿ ಸವಣೂರಿಗೆ, ಯೇಸುವಿನ ಪ್ರಾರ್ಥನೆಗೆ ಹೋಗತೊಡಗಿದ್ದಳು. ಅಪ್ಪ ಹೋದಾಗಿನಿಂದ ಗೋಡೆ ನೋಡುತ್ತ ಕೂತಿರುತ್ತಿದ್ದವಳು ಈಗ ಒಲೆ ಹಚ್ಚುತ್ತಿದ್ದಳು, ನನ್ನ ತಲೆಗೆ ಎಣ್ಣೆ ಹಾಕುತ್ತಿದ್ದಳು. ನನಗೆ ಅಷ್ಟು ಸಾಕಿತ್ತು. ಓಣಿಗೆ ಸಾಕಾಗಲಿಲ್ಲ. ಯಾರೋ ಆಸೆ ತೋರಿಸಿ ಕೆಡಿಸಿದ್ದಾರೆ ಎಂದರು. ಆ ಆಸೆಯ ಒಂದು ಕಾಳು ಅಕ್ಕಿಯೂ ನಮ್ಮ ಮನೆಗೆ ಬಂದದ್ದನ್ನು ನಾನು ಕಾಣೆ. ಬಸ್ಸಿನ ಚಾರ್ಜಿಗೆ ಅವ್ವ ಬೆಣ್ಣೆ ಮಾರುತ್ತಿದ್ದುದನ್ನು ಮಾತ್ರ ಕಂಡಿದ್ದೇನೆ. ದೊಡ್ಡಪ್ಪ ನಮ್ಮ ಅಂಗಳದಲ್ಲಿ ನಿಂತು, ಮನೆತನದ ಮರ್ಯಾದೆ ಹೋಯಿತು, ನಾಳೆ ಬೀಗರು ಕೇಳಿದರೆ ಏನು ಹೇಳಲಿ ಎಂದು ಕೂಗಾಡಿದ. ಅವ್ವ ಸೆರಗು ಸರಿಮಾಡಿಕೊಂಡು ಅವನಿಗೆ ಕುಡಿಯಲು ನೀರು ತಂದಿಟ್ಟಳು. ನನಗೆ ಸಿಟ್ಟು ಬಂದದ್ದು ಅವಳ ಮೇಲೆಯೇ.

ಹಿಟ್ಟು ಹಂಚುವ ದಿನ ನಾನು ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕುಳಿತಿದ್ದೆ. ಬುಟ್ಟಿ ಪಕ್ಕದ ಮನೆಗೆ ಬಂತು. ಆಮೇಲೆ ನಮ್ಮ ಬಾಗಿಲು ದಾಟಿ ಆಚೆ ಮನೆಗೆ ಹೋಯಿತು. ಹೊತ್ತವಳು ನನ್ನ ಮುಖ ನೋಡಲಿಲ್ಲ. ಹಿಟ್ಟು ಬರದ ಮನೆಯೆಂದರೆ ಸಂಬಂಧ ಹರಿದ ಮನೆ ಎಂಬುದು ಹುಡುಗರಿಗೂ ಗೊತ್ತಿತ್ತು. ಒಳಗೆ ಓಡಿ, ಪ್ರಾರ್ಥನೆ ಬಿಟ್ಟೆ ಎಂದು ಹೇಳಿಬಿಡು, ಮದುವೆ ಮುಗಿದ ಮೇಲೆ ಮತ್ತೆ ಹೋದರಾಯಿತು ಎಂದು ಅವ್ವನ ಸೆರಗು ಜಗ್ಗಿ ಅತ್ತೆ.

“ಸುಳ್ಳ ಹೇಳಿ ಹೋಗಿ ಆ ಹುಡುಗಿ ಮ್ಯಾಲೆ ಅಕ್ಕಿಕಾಳ ಹ್ಯಾಂಗ ಹಾಕ್ಲಿ?” ಅಂದಳು ಅವ್ವ.

ಅಷ್ಟು ಹೇಳಿ ನಮ್ಮ ಮನೆಯ ಜೋಳ ತೆಗೆದು ಗಿರಣಿಗೆ ಹೋದಳು. ಬೀಸಿಸಿಕೊಂಡು ಬಂದು ರೊಟ್ಟಿ ಬಡಿಯಲು ಕುಳಿತಳು. ಮೇಲೆ ಎಳ್ಳು ಹಚ್ಚಿದಳು. ಅವಳಿಗೆ ಓದು ಬಾರದು, ಪ್ರಾರ್ಥನೆಯಲ್ಲಿ ಕೇಳಿದ ಒಂದು ವಾಕ್ಯವೂ ಪೂರ್ತಿ ನೆನಪಿರುತ್ತಿರಲಿಲ್ಲ. ಆದರೂ ಬಡಿಯುತ್ತ ಬಡಿಯುತ್ತ ತುಟಿ ಅಲುಗುತ್ತಿತ್ತು. ಶಾಂತಕ್ಕನ ಹೆಸರು ಕೇಳಿಸಿತು. ಆಮೇಲೆ “ನಮ್ಮ ಭಾವಾರು” ಎಂಬುದೂ ಕೇಳಿಸಿತು. ಬೈದ ದೊಡ್ಡಪ್ಪನಿಗಾಗಿಯೂ ಬೇಡಿಕೊಳ್ಳುತ್ತಿದ್ದಳು. ನನ್ನ ಮೈಯೆಲ್ಲ ಉರಿಯಿತು.

ರೊಟ್ಟಿ ಒಣಗಿದ ಮೇಲೆ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹಾಡುಹಗಲೇ ದೊಡ್ಡಪ್ಪನ ಮನೆಗೆ ಹೊರಟಳು. ಹಿಂದೆ ನಾನು. ಹಂದರ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಖಾರ ಕುಟ್ಟುತ್ತಿದ್ದ ಹೆಂಗಸರು ಒನಕೆ ಬದಿಗಿಟ್ಟು ನೋಡಿದರು. ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ.

“ನಿನ್ನ ರೊಟ್ಟಿ ಯಾರು ಕೇಳಿದ್ರು? ನಿನ್ನ ದೇವ್ರನ್ನ ನಾ ಒಪ್ಪಂಗಿಲ್ಲ, ನೀಲವ್ವಾ.”

“ಒಪ್ಪಬ್ಯಾಡ್ರಿ ಭಾವಾರ. ಶಾಂತಾ ನನಗೂ ಮಗಳು, ಅದಕ್ಕ ತಂದೇನಿ. ನೀವು ಉಣ್ರಿ, ಎಮ್ಮಿಗೆ ಹಾಕ್ರಿ, ನಿಮಗ ಬಿಟ್ಟಿದ್ದು.”

ಗಂಟನ್ನು ಕಟ್ಟೆಯ ಮೇಲಿಟ್ಟು ತಿರುಗಿದಳು. ಅದನ್ನು ಎಮ್ಮೆಯ ಗೋದಲಿಗೆ ಸುರಿಯುವಂತೆ ದೊಡ್ಡಪ್ಪ ಆಳಿಗೆ ಹೇಳಿದ್ದು ಇಬ್ಬರಿಗೂ ಕೇಳಿಸಿತು. ರೊಟ್ಟಿ ಮುರಿಯುವ ಸದ್ದೂ ಕೇಳಿಸಿತು. ನಾನು ಬಗ್ಗಿ ಕಲ್ಲು ತೆಗೆದುಕೊಂಡೆ. ಅವ್ವ ನನ್ನ ಮುಂಗೈ ಹಿಡಿದಳು, ನೋಯುವಷ್ಟು. ಮನೆಯವರೆಗೂ ಎಳೆದು ತಂದು ಬಾಗಿಲಿಗೆ ಅಗಳಿ ಹಾಕಿದಳು, ಬಿದ್ದಿದೆಯೇ ಎಂದು ಎರಡು ಸಲ ನೋಡಿದಳು. ಅವಳಿಗೆ ಹೆದರಿಕೆಯೇ ಇಲ್ಲವೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಮದುವೆಗೆ ನಮಗೆ ಕರೆ ಬರಲಿಲ್ಲ. ಬಾಜಾ ಬಜಂತ್ರಿ ಜೋರಾದಾಗ ಅವ್ವ ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತಳು. ಆಮೇಲೆ ಅವಳಿಗೆ ಆ ಸೀರೆಯ ತುಂಡಿನದೇ ಚಿಂತೆ. ನಮ್ಮಲ್ಲಿ ಒಬ್ಬರ ಮನೆಯ ಪಾತ್ರೆಯನ್ನಾಗಲಿ ಬುತ್ತಿಯ ಅರಿವೆಯನ್ನಾಗಲಿ ಬರಿದು ಮಾಡಿ ಮರಳಿಸುವುದಿಲ್ಲ. ಚೂರು ಬೆಲ್ಲವಾದರೂ ಇಟ್ಟು ಕೊಡುತ್ತಾರೆ. ಬರಿದೇ ಬಂದರೆ ಎಲ್ಲ ಮುಗಿಯಿತೆಂದು ಅರ್ಥ. ಓಣಿಯಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ಅವ್ವ ಎದ್ದು ನೋಡುತ್ತಿದ್ದಳು.

ಶಾಂತಕ್ಕ ಗಂಡನ ಮನೆಗೆ ಹೋದ ಮೇಲೆ ಒಂದು ಮಧ್ಯಾಹ್ನ ದೊಡ್ಡವ್ವ ಹಿತ್ತಲ ಬಾಗಿಲಿಗೆ ಬಂದಳು. ತುಂಡನ್ನು ಒಗೆದು ಮಡಚಿದ್ದಳು. ಅವ್ವ ಅದನ್ನು ಹಿಡಿದು, ಬಿಚ್ಚಲು ಧೈರ್ಯವಾಗದೆ ನಿಂತಳು. ನಾನೇ ಕಸಿದು ಬಿಚ್ಚಿದೆ. ಒಳಗೊಂದು ಅಚ್ಚು ಬೆಲ್ಲವಿತ್ತು.

“ನಿಮ್ಮ ಭಾವಾರಿಗೆ ಗೊತ್ತಾಗೂದು ಬ್ಯಾಡ,” ಅಂದಳು ದೊಡ್ಡವ್ವ. “ಎರಡು ರೊಟ್ಟಿ ತಗದಿಟ್ಟು ಶಾಂತಾನ ಬುತ್ತ್ಯಾಗ ಹಾಕೇನಿ.”

ಅವ್ವ ಅಂದು ಅತ್ತಳು. ದೊಡ್ಡಪ್ಪ ಸಾಯುವವರೆಗೂ ಬದಲಾಗಲಿಲ್ಲ. ಆದರೆ ನಮ್ಮ ಹೊಲ ಉಳುವುದನ್ನು ನಿಲ್ಲಿಸಲಿಲ್ಲ. ಅವ್ವ ಪ್ರಾರ್ಥನೆ ಬಿಡಲಿಲ್ಲ, ಆ ಮನೆಗೆ ರೊಟ್ಟಿ ಒಯ್ಯುವುದನ್ನೂ ಬಿಡಲಿಲ್ಲ.

ಈಗ ಓಣಿಯಲ್ಲಿ ಹಿಟ್ಟು ಹಂಚುವವರಿಲ್ಲ. ಖಡಕ್ ರೊಟ್ಟಿ ಅಂಗಡಿಯಿಂದ ಪಾಕೀಟಿನಲ್ಲಿ ಬರುತ್ತದೆ, ಮದುವೆ ಸವಣೂರಿನ ಕಲ್ಯಾಣ ಮಂಟಪದಲ್ಲಿ ಆಗುತ್ತದೆ. ಅವ್ವನೂ ಇಲ್ಲ. ಅವ್ವನಿಂದ ನನಗೆ ಬಂದ ನಂಬಿಕೆಯನ್ನು ಬೈಯುವವರು ಈಗ ಮೊಬೈಲ್‌ನಲ್ಲಿದ್ದಾರೆ. ನನಗೆ ಓದು ಬರುತ್ತದೆ, ಬೈಬಲಿನ ವಾಕ್ಯಗಳು ಅಧ್ಯಾಯ ಸಮೇತ ಬಾಯಿಪಾಠ. ಚುರುಕು ಉತ್ತರ ಬರೆದು ಅವರ ಬಾಯಿ ಮುಚ್ಚಿಸುತ್ತೇನೆ. ಬೈದವರು ಯಾರು, ಅವರ ಮನೆಯಲ್ಲಿ ಯಾರ ಮದುವೆ, ಯಾರ ಸಾವು, ನನಗೆ ಒಂದೂ ಗೊತ್ತಿಲ್ಲ. ಅವ್ವನನ್ನು ಬೈದವನ ಮನೆ ನಾಲ್ಕು ಬಾಗಿಲಾಚೆ ಇತ್ತು. ಅವಳು ರೊಟ್ಟಿ ಹೊತ್ತು ಅಲ್ಲಿಗೆ ನಡೆದು ಹೋಗುತ್ತಿದ್ದಳು.