ರಾಹೇಲಳ ಗೋರಿಯ ದಾರ

ಕಳೆದ ಭಾನುವಾರ ಇಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ದೇವಸ್ಥಾನದಲ್ಲಿ ಅರ್ಚಕರು ಕೈಗೆ ಕೆಂಪು ದಾರ ಕಟ್ಟಿದಾಗ, ಹಿಂದೆ ಪಕ್ಕದ ಮನೆಯಲ್ಲಿದ್ದ ಯೆಹೂದಿ ಅಜ್ಜಿ ನೆನಪಾದರು. ಜೊತೆಗೇ ಹಳೆಯ ಸಿಟ್ಟೂ…

ಡಾಟ್‌ಕಾಮ್ ಭರಾಟೆಯ ಕಾಲ. ಮಾರ್ಗನ್ ಹಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಎರಡನೆಯ ಸಲವೂ ನನಗೆ ಗರ್ಭ ನಿಲ್ಲದಿದ್ದಾಗ ಅಜ್ಜಿ ಬಿಸಿ ಸೂಪು ತಂದು ಪಕ್ಕದಲ್ಲಿ ಕೂತರು. ಬೆತ್ಲೆಹೇಮಿನ ಬಳಿ ರಾಹೇಲಳ ಗೋರಿಯಿದೆ, ಪ್ರಯಾಣದ ದಾರಿಯಲ್ಲೇ ಹೆರಿಗೆಯಾಗಿ ಪ್ರಾಣ ಬಿಟ್ಟ ಯೆಹೂದ್ಯರ ಆದಿತಾಯಿ ಅವಳು, ಎಷ್ಟೋ ತಲೆಮಾರುಗಳಿಂದ ಹೆಂಗಸರು ಮಕ್ಕಳಿಗಾಗಿ ಅಲ್ಲಿ ಹೋಗಿ ಅಳುತ್ತಾರೆ ಎಂದರು. ಅವರ ತಾಯಿ ಆ ಗೋರಿಗೆ ಏಳು ಸುತ್ತು ಸುತ್ತಿ ತಂದಿದ್ದ ಕೆಂಪು ಉಣ್ಣೆಯ ದಾರ ಅವರ ಮಣಿಕಟ್ಟಿನಲ್ಲಿತ್ತು. ಮೈಸೂರಿನಲ್ಲಿ ಅರಳೀಮರಕ್ಕೆ ದಾರ ಸುತ್ತುತ್ತಿದ್ದ ನನ್ನ ಸೋದರತ್ತೆಯನ್ನು ಕಂಡಂತಾಯಿತು.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದ್ದು ನನ್ನ ತಪ್ಪು. ನಮ್ಮ ಬಾಸು ಬೆಂಗಳೂರಿನವರು, ವೆಬ್‌ಸೈಟಿನಲ್ಲಿ ಪೂಜಾ ಸಾಮಾನು ಮಾರುತ್ತಿದ್ದರು. ವಾರದೊಳಗೆ ಎಲ್ಲಿಂದಲೋ ಕೆಂಪು ನೂಲಿನ ಉಂಡೆಗಳನ್ನು ತರಿಸಿ, ‘ರಾಹೇಲಳ ಗೋರಿಗೆ ಸುತ್ತಿದ ದಾರ’ ಎಂಬ ಪುಟ ಮಾಡಲು ನನಗೆ ಹೇಳಿದರು.

“ಸರ್, ಇದು ಸುಳ್ಳಲ್ವಾ?”

“ನಂಬೋರಿಗೆ ಎಲ್ಲಾ ದಾರಾನೂ ಒಂದೇ ಮೇಡಂ. ಪೇಜು ಲೈವ್ ಮಾಡಿ.”

ನನ್ನ ವೀಸಾ ಅವರ ಕೈಯಲ್ಲಿತ್ತು. ಮಾಡಿದೆ. ಅಜ್ಜಿ ಹೇಳಿದ ಮಾತುಗಳನ್ನೇ ಬರೆದೆ.

ತಿಂಗಳು ಕಳೆದಿರಲಿಲ್ಲ, ಅಜ್ಜಿ ಆ ಪುಟದ ಪ್ರಿಂಟು ಹಿಡಿದು ಬಾಗಿಲು ತಟ್ಟಿದರು. ಅವರ ಪ್ರಾರ್ಥನಾಮಂದಿರಕ್ಕೆ ಬರುತ್ತಿದ್ದ ಬಸುರಿ ಹೆಣ್ಣುಮಗಳೊಬ್ಬಳು ಆಸ್ಪತ್ರೆಯಲ್ಲಿ ಜೀವಾಪಾಯದಲ್ಲಿದ್ದಳು. ನಮ್ಮ ದಾರ ತರಿಸಿ ಕೈಗೆ ಕಟ್ಟಿಕೊಂಡು, ಅದನ್ನೇ ನೆಚ್ಚಿ ಮಲಗಿದ್ದಳು.

“ಇದು ನನ್ನ ಅಮ್ಮನ ಮಾತು,” ಎಂದರು ಅಜ್ಜಿ, ಮೆಲ್ಲಗೆ. “ಆ ಹುಡುಗಿಗೆ ಈಗ ನಾನು ಏನಂತ ಹೇಳಲಿ?”

ಮರುದಿನವೇ ಪುಟ ಅಳಿಸಿದೆ. ಕೆಲಸ ಹೋಯಿತು. ಹೇಗೋ ಬೇರೆ ಕಂಪನಿ ಹಿಡಿದು ವೀಸಾ ಉಳಿಸಿಕೊಂಡು ಅದೇ ಮನೆಯಲ್ಲಿ ಉಳಿದೆ.

ಅಜ್ಜಿ ಆ ಬಸುರಿಗೆ ನಿಜ ಹೇಳಲಿಲ್ಲವಂತೆ, ಅವರ ಗೆಳತಿಯೊಬ್ಬರು ಆಮೇಲೆ ತಿಳಿಸಿದರು. ಗಂಟು ಸಡಿಲವಾಗಿದೆ ಎಂಬ ನೆಪದಲ್ಲಿ ನಮ್ಮ ದಾರ ಬಿಚ್ಚಿ, ತಾಯಿ ಕೊಟ್ಟ ದಾರವನ್ನು ತಮ್ಮ ಕೈಯಿಂದ ಕಳಚಿ ಅವಳಿಗೆ ಕಟ್ಟಿ ಬಂದರಂತೆ. ತಾಯಿ, ಮಗು ಇಬ್ಬರೂ ಉಳಿದರು. ನನ್ನೊಡನೆ ಮಾತ್ರ ಅಜ್ಜಿ ಮತ್ತೆ ಮಾತಾಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು…

ಕಳೆದ ಭಾನುವಾರ ದೇವಸ್ಥಾನದ ಊಟದ ಸಾಲಿನಲ್ಲಿ ಆ ಹಳೆಯ ಬಾಸು ಸಿಕ್ಕರು. “ಏನ್ ದಿನಗಳು ಮೇಡಂ ಅವು. ಏನೇನೋ ಟ್ರೈ ಮಾಡಿದ್ವಿ, ಅಲ್ವಾ,” ಎಂದು ನಕ್ಕರು. ದಾರದ ವಿಷಯ ಎತ್ತಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಸಿಟ್ಟು ಯಾರ ಮೇಲೆ? ತಟ್ಟೆ ಇಟ್ಟು ಕಾರಿನಲ್ಲಿ ಬಂದು ಕೂತೆ. ಗೋಡೆಯಾಚೆಗೇ ಇದ್ದ ಆ ಅಜ್ಜಿಯ ಬಾಗಿಲನ್ನು, ಎರಡು ವರ್ಷದಲ್ಲಿ ಒಂದು ಸಲವಾದರೂ, ನಾನೂ ತಟ್ಟಿರಲಿಲ್ಲ.